ಎರಡು ಪೇಟೆಂಟುಗಳ ಇತಿಹಾಸ

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮವು ಪರಿಚಿತವಾದುದೇ. ಮೊದಲು ಕೊಟ್ಟವನ ಪ್ರಶಸ್ತಿ. ಬಳಿಕ ಪಡೆದವನ ಹೆಸರು. ಅನಂತರ ಭೂಮಿಯ ಚತುಸ್ಸೀಮೆ. ಮೂಡಲಿಗೆ ಕೆರೆಯ ಕೋಡಿ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಹುಣಿಸೆಯ ಮರ, ಬಡಗಲಿಗೆ ಹಳ್ಳ ಎಂದು ಎಲ್ಲೆಯನ್ನು ಗುರುತಿಸಿ, ಈ ದಾನವು ಸೂರ್ಯಚಂದ್ರರಿರುವವರೆಗೂ ನಡೆಯಲೆಂದು ಹಾರೈಸಿ, ಅಳಿದವನನ್ನು ಶಪಿಸಿ, ಶಾಸನವು ಮುಗಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿ ಈಗ ಲೋಕದ ಎಲ್ಲೆಡೆಯೂ ಹಬ್ಬಿರುವ ಪೇಟೆಂಟು ಎಂಬ ಹಕ್ಕುಪತ್ರವೂ ಇಂಥದೇ ಒಂದು ಶಾಸನ. ಅದರಲ್ಲಿಯೂ ಪಡೆದವನ ಹೆಸರುಂಟು, ಎಲ್ಲೆಕಟ್ಟುಂಟು. ಆದರೆ ಇಲ್ಲಿ ಅಳೆದು ಕೊಡುವುದು ಭೂಮಿಯನ್ನಲ್ಲ, ಒಂದು ಯೋಚನೆಯನ್ನು. ಇನ್ನೊಂದು ವ್ಯತ್ಯಾಸವೂ ಉಂಟು: ಈ ಶಾಸನವು ಆಚಂದ್ರಾರ್ಕವಲ್ಲ. ಕೆಲವು ವರ್ಷ ಕಳೆದೊಡನೆ ಎಲ್ಲೆಯ ಕಲ್ಲುಗಳು ತಾವಾಗಿಯೇ ಬಿದ್ದುಹೋಗಿ, ಆ ಹೊಲವು ಊರಿನ ಗೋಮಾಳವಾಗುತ್ತದೆ.

ಈ ವ್ಯವಸ್ಥೆಯ ಹಿಂದೆ ಒಂದು ಕರಾರಿದೆ. ಹೊಸದನ್ನು ಕಂಡುಹಿಡಿದವನು ತನ್ನ ಗುಟ್ಟನ್ನು ಮುಚ್ಚಿಡದೆ, ಆ ವಿದ್ಯೆಯನ್ನು ಬಲ್ಲ ಬೇರೊಬ್ಬನು ಓದಿ ಅದೇ ಯಂತ್ರವನ್ನು ಮಾಡಬಲ್ಲಷ್ಟು ಸ್ಪಷ್ಟವಾಗಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಸರ್ಕಾರವು ಗೊತ್ತಾದ ಅವಧಿಯವರೆಗೆ ಅದನ್ನು ಮಾಡುವ, ಮಾರುವ ಹಕ್ಕನ್ನು ಅವನೊಬ್ಬನಿಗೇ ಕೊಡುತ್ತದೆ. ಕರಾರು ನ್ಯಾಯವಾದುದೇ. ಆದರೆ ಅದರಿಂದ ಯಾರಿಗೆ ಎಷ್ಟು ಲಾಭವಾಯಿತೆಂಬುದು ಬೇರೆಯ ಪ್ರಶ್ನೆ. ವಿದ್ಯುಚ್ಛಕ್ತಿಯಿಂದ ತಿರುಗುವ ಯಂತ್ರದ ಇತಿಹಾಸದಲ್ಲಿ, ಎಂಬತ್ತು ವರ್ಷಗಳ ಅಂತರದಲ್ಲಿ ದೊರೆತ ಎರಡು ಅಮೆರಿಕನ್ ಪೇಟೆಂಟುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆಗೆ ವಿಚಿತ್ರವಾದ ಉತ್ತರವು ಸಿಕ್ಕುತ್ತದೆ. ಒಂದು 1837ರಲ್ಲಿ ಒಬ್ಬ ಕಮ್ಮಾರನಿಗೆ ದೊರೆತದ್ದು. ಇನ್ನೊಂದು 1917ರಲ್ಲಿ ಇಬ್ಬರು ಕಾರ್ಖಾನೆದಾರರಿಗೆ ದೊರೆತದ್ದು.

ಆ ಕಮ್ಮಾರನ ಹೆಸರು ಥಾಮಸ್ ಡ್ಯಾವನ್‌ಪೋರ್ಟ್. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿರುವ ವರ್ಮಾಂಟ್ ಎಂಬ ಗುಡ್ಡಗಾಡು ಸೀಮೆಯಲ್ಲಿ 1802ರಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಹದಿನಾಲ್ಕನೆಯ ವಯಸ್ಸಿಗೆ ಕಮ್ಮಾರನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ಶಾಲೆಯ ವಿದ್ಯೆಯು ಅವನ ಪಾಲಿಗೆ ಬಂದದ್ದು ಬಹಳ ಕಡಮೆ. ಕಲಿತ ಮೇಲೆ ಬ್ರ್ಯಾಂಡನ್ ಎಂಬ ಊರಿನ ಹತ್ತಿರ ಕುಲುಮೆಯನ್ನು ಹೂಡಿ, ಮದುವೆಯಾಗಿ, ಸಾಧಾರಣವಾಗಿ ಬಾಳುತ್ತಿದ್ದನು. 1833ರಲ್ಲಿ, ನೆರೆಯ ನ್ಯೂಯಾರ್ಕು ಸಂಸ್ಥಾನದ ಕ್ರೌನ್ ಪಾಯಿಂಟ್ ಎಂಬಲ್ಲಿ ಕಬ್ಬಿಣದ ಅದಿರನ್ನು ಬೇರ್ಪಡಿಸುವುದಕ್ಕೆ ಒಂದು ಅದ್ಭುತವಾದ ಅಯಸ್ಕಾಂತವನ್ನು ಬಳಸುತ್ತಾರೆಂಬ ವರ್ತಮಾನವು ಅವನ ಕಿವಿಗೆ ಬಿತ್ತು.

ಅದು ಜೋಸೆಫ್ ಹೆನ್ರಿ ಎಂಬ ವಿಜ್ಞಾನಿಯು ರೂಪಿಸಿದ ವಿದ್ಯುದಯಸ್ಕಾಂತ. ಮೆತು ಕಬ್ಬಿಣದ ಲಾಳಕ್ಕೆ ತಂತಿಯನ್ನು ಸುತ್ತಿ, ಆ ತಂತಿಯಲ್ಲಿ ರಾಸಾಯನಿಕ ಕೋಶದಿಂದ ವಿದ್ಯುತ್ತನ್ನು ಹರಿಸಿದರೆ ಲಾಳವು ಅಯಸ್ಕಾಂತವಾಗುತ್ತದೆ. ಪ್ರವಾಹವನ್ನು ನಿಲ್ಲಿಸಿದರೆ ಮತ್ತೆ ಬರಿಯ ಕಬ್ಬಿಣ. ನೋಡಲು ಬಂದ ಇತರರು ಇದು ಎತ್ತುವ ಭಾರವನ್ನು ಕಂಡು ಬೆರಗಾಗಿ ಹಿಂತಿರುಗಿದರು. ಕಮ್ಮಾರನು ಕಂಡದ್ದು ಭಾರವನ್ನಲ್ಲ. ಬೇಕೆಂದಾಗ ಹುಟ್ಟಿ ಬೇಡವೆಂದಾಗ ಅಳಿಯುವ ಒಂದು ಬಲವನ್ನು ಅವನು ಕಂಡನು. ಇಂಥ ಬಲದಿಂದ ಚಕ್ರವನ್ನು ತಿರುಗಿಸಬಹುದಲ್ಲವೇ ಎಂದು ಅವನಿಗೆ ಹೊಳೆಯಿತು. ಕಬ್ಬಿಣವನ್ನು ಕೊಳ್ಳಲು ಕೂಡಿಸಿದ್ದ ಹಣವನ್ನೂ, ಸಹೋದರನ ಸರಕನ್ನೂ ಕುದುರೆಯನ್ನೂ ವಿನಿಯೋಗಿಸಿ ಅವನು ಆ ಅಯಸ್ಕಾಂತವನ್ನು ಕೊಂಡು ಮನೆಗೆ ತಂದನೆಂದು ಅವನ ಚರಿತ್ರಕಾರರು ಹೇಳುತ್ತಾರೆ.

ಮನೆಗೆ ತಂದು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಬಿಚ್ಚಿದ್ದು. ಅವನು ಸುತ್ತುಸುತ್ತಾಗಿ ತಂತಿಯನ್ನು ಬಿಚ್ಚುತ್ತ ಹೋದಂತೆ, ಅವನ ಹೆಂಡತಿ ಎಮಿಲಿ ಪಕ್ಕದಲ್ಲಿ ಕುಳಿತು ಅದರ ರಚನೆಯನ್ನು ಬರೆದುಕೊಂಡಳು. ಆಮೇಲೆ ತಾವೇ ಅಂಥದೊಂದನ್ನು ಮಾಡಹೊರಟಾಗ ತಂತಿಗೆ ಹೊದಿಕೆಯು ಬೇಕಾಯಿತು. ಸುತ್ತುಗಳು ಒಂದಕ್ಕೊಂದು ತಾಗಿದರೆ ವಿದ್ಯುತ್ತು ದಾರಿ ತಪ್ಪಿ ಹರಿದು, ಅಯಸ್ಕಾಂತವೇ ಆಗುವುದಿಲ್ಲ. ಇಂದಿನಂತೆ ಹೊದಿಕೆಯ ತಂತಿಯನ್ನು ಅಂಗಡಿಯಲ್ಲಿ ಕೊಳ್ಳುವ ಕಾಲವಲ್ಲ ಅದು. ಎಮಿಲಿಯು ತನ್ನ ಮದುವೆಯ ರೇಷ್ಮೆಯ ಉಡುಪನ್ನು ಸೀಳಿ ಪಟ್ಟಿಗಳನ್ನಾಗಿ ಮಾಡಿಕೊಟ್ಟಳೆಂಬ ಮಾತು ಪರಂಪರೆಯಿಂದ ಬಂದಿದೆ.

1834ರಲ್ಲಿ ಯಂತ್ರವು ತಿರುಗಿತು. ಅದರ ತತ್ತ್ವವು ಸರಳವಾದುದು. ಸ್ಥಿರವಾದ ಅಯಸ್ಕಾಂತಗಳ ನಡುವೆ ಅಚ್ಚಿನ ಮೇಲೆ ವಿದ್ಯುದಯಸ್ಕಾಂತಗಳನ್ನು ನಿಲ್ಲಿಸಿದೆ. ವಿಜಾತಿಯ ಧ್ರುವಗಳು ಒಂದನ್ನೊಂದು ಎಳೆಯುವುದರಿಂದ ಅಚ್ಚು ತಿರುಗುತ್ತದೆ. ಆದರೆ ಧ್ರುವಗಳು ಎದುರುಬದುರಾದೊಡನೆ ಅಲ್ಲಿಯೇ ಅಂಟಿ ನಿಲ್ಲಬೇಕಷ್ಟೆ? ಅದೇ ಕ್ಷಣದಲ್ಲಿ ತಂತಿಯಲ್ಲಿನ ಪ್ರವಾಹದ ದಿಕ್ಕನ್ನು ಬದಲಿಸುವ ಒಂದು ಕೀಲನ್ನು ಅಚ್ಚಿಗೇ ಜೋಡಿಸಿದನು. ಎಳೆಯುತ್ತಿದ್ದುದು ಈಗ ತಳ್ಳುತ್ತದೆ. ಚಕ್ರವು ಮುಂದಕ್ಕೆ ಹೋಗುತ್ತದೆ. ನೇರಪ್ರವಾಹದ ಮೋಟಾರುಗಳಲ್ಲಿ ಬಹುಕಾಲ ಕಾಣಿಸಿಕೊಂಡ ಈ ಕೀಲು, ಕಮ್ಮಾರನ ಆ ಮರದ ಚೌಕಟ್ಟಿನ ಯಂತ್ರದಲ್ಲಿ ಆಗಲೇ ಇತ್ತು.

ಯಂತ್ರವು ತಿರುಗಿದರೆ ಸಾಲದು, ಹಕ್ಕು ದೊರೆಯಬೇಕು. 1835ರಲ್ಲಿ ಡ್ಯಾವನ್‌ಪೋರ್ಟನು ವಾಷಿಂಗ್ಟನ್ನಿಗೆ ಹೊರಟನು. ದಾರಿಯಲ್ಲಿ ವಿದ್ವಾಂಸರಿಗೆಲ್ಲ ಯಂತ್ರವನ್ನು ತೋರಿಸಿ ಶಹಬಾಸ್ ಎನ್ನಿಸಿಕೊಂಡನು. ಕೈಯಲ್ಲಿನ ಹಣವು ತೀರಿದ್ದರಿಂದ ಪೇಟೆಂಟಿಲ್ಲದೆ ಹಿಂತಿರುಗಿದನು. ಆ ವೇಳೆಗೆ ಸರಟೋಗಾ ಸ್ಪ್ರಿಂಗ್ಸ್ ಎಂಬ ಊರಿನ ರ‍್ಯಾನ್ಸಮ್ ಕುಕ್ ಎಂಬ ಮರಗೆಲಸದ ಶಿಲ್ಪಿಯು ಅವನೊಡನೆ ಪಾಲುಗೂಡಿದನು. 1836ರಲ್ಲಿ ಅಮೆರಿಕಾ ಸರ್ಕಾರವು ಪೇಟೆಂಟುಗಳ ವಿಷಯದಲ್ಲಿ ಹೊಸ ಶಾಸನವನ್ನು ಮಾಡಿತು. ಅದರಂತೆ ಪ್ರತಿಯೊಂದು ಬಿನ್ನಹವನ್ನೂ ಪರೀಕ್ಷಕರು ನೋಡಬೇಕು. ಯಂತ್ರದ ಮಾದರಿಯನ್ನು ಕಚೇರಿಗೆ ಒಪ್ಪಿಸಬೇಕು. ಆ ದೇಶದ ಪ್ರಜೆಯಾದವನು 30 ಡಾಲರು ಶುಲ್ಕ ಕಟ್ಟಬೇಕು. ಡ್ಯಾವನ್‌ಪೋರ್ಟನು ಮಾದರಿಯನ್ನು ಕಳುಹಿಸಿದನು. ಆದರೆ ಅದೇ ವರ್ಷ ಡಿಸೆಂಬರು 15ರಂದು ಪೇಟೆಂಟು ಕಚೇರಿಗೆ ಬೆಂಕಿ ಬಿದ್ದು, ಅಲ್ಲಿದ್ದ ದಾಖಲೆಗಳ ಜತೆಗೆ ಅವನ ಮಾದರಿಯೂ ಬೂದಿಯಾಯಿತು. ಮತ್ತೊಂದನ್ನು ಮಾಡಿ ಕಳುಹಿಸಬೇಕಾಯಿತು. ಕಡೆಗೆ 1837ನೆಯ ಫೆಬ್ರವರಿ 25ರಂದು, ಹೊಸ ಶಾಸನದ ಲೆಕ್ಕದಲ್ಲಿ 132ನೆಯ ಸಂಖ್ಯೆಯ ಪೇಟೆಂಟು ಅವನಿಗೆ ದೊರೆಯಿತು. ವಿದ್ಯುತ್ತಿನ ಮೋಟಾರಿಗೆ ಅಮೆರಿಕಾದಲ್ಲಿ ದೊರೆತ ಮೊದಲ ಪೇಟೆಂಟು ಇದೇ.

ಆ ಹಕ್ಕುಪತ್ರದ ಎಲ್ಲೆಕಟ್ಟನ್ನು ನಾವು ಗಮನಿಸಬೇಕು. ಅವನು ಬೇಡಿದ್ದು ಒಂದು ಕೀಲನ್ನೋ ಒಂದು ಚಕ್ರವನ್ನೋ ಅಲ್ಲ. ಅಯಸ್ಕಾಂತದ ಮತ್ತು ವಿದ್ಯುದಯಸ್ಕಾಂತದ ಬಲವನ್ನು ಯಂತ್ರಗಳ ಚಾಲಕ ತತ್ತ್ವವನ್ನಾಗಿ ಪ್ರಯೋಗಿಸುವುದೇ, ತಾನು ವರ್ಣಿಸಿದ ರೀತಿಯಲ್ಲಿಯೂ ತತ್ತ್ವದಲ್ಲಿ ಅದನ್ನು ಹೋಲುವ ಬೇರೆ ಯಾವ ರೀತಿಯಲ್ಲಿಯೂ, ತನ್ನದೆಂದು ಅವನು ಹೇಳಿಕೊಂಡನು. ಇದು ಒಂದು ಹೊಲದ ದಾನವಲ್ಲ, ಒಂದು ಸೀಮೆಯ ದಾನ. ಮುಂದೆ ಕಾರ್ಖಾನೆಗಳನ್ನೂ, ಟ್ರಾಮುಗಾಡಿಗಳನ್ನೂ, ಮನೆಯ ಬೀಸಣಿಗೆಗಳನ್ನೂ ತಿರುಗಿಸಲಿದ್ದ ಶಕ್ತಿಯ ಬಹುಭಾಗವು, ಕಾಗದದ ಮೇಲಾದರೂ, ವರ್ಮಾಂಟಿನ ಕಮ್ಮಾರನ ಪಾಲಿಗೆ ಬಂದಂತಾಯಿತು.

ಆದರೆ ಆ ಸೀಮೆಯಲ್ಲಿ ನೀರಿರಲಿಲ್ಲ. ಡ್ಯಾವನ್‌ಪೋರ್ಟನೂ ಕುಕ್ಕನೂ ನ್ಯೂಯಾರ್ಕು ನಗರದಲ್ಲಿ ಕಾರ್ಯಾಗಾರವನ್ನು ತೆರೆದರು. ಪಾಲುಗಳನ್ನು ಮಾರಿ ಬಂಡವಾಳ ಕೂಡಿಸಲು ನೋಡಿದರು. ಕಬ್ಬಿಣದಲ್ಲಿ ರಂಧ್ರ ಕೊರೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಮೋಟಾರನ್ನು ಹೂಡಿ ತೋರಿಸಿದರು. 1840ರಲ್ಲಿ ಡ್ಯಾವನ್‌ಪೋರ್ಟನು ತನ್ನ ಮೋಟಾರಿನಿಂದಲೇ ಮುದ್ರಣಯಂತ್ರವನ್ನು ನಡೆಸಿ, ವಿದ್ಯುದಯಸ್ಕಾಂತದ ವಿಷಯವಾಗಿಯೇ ಒಂದು ಪತ್ರಿಕೆಯನ್ನು ಅಚ್ಚುಹಾಕಿದನು. ನೋಡಿದವರು ಮೆಚ್ಚಿದರು, ಕೊಂಡುಕೊಳ್ಳಲಿಲ್ಲ. ಕಾರಣವು ಮೋಟಾರಿನಲ್ಲಿರಲಿಲ್ಲ, ಅದಕ್ಕೆ ಆಹಾರವನ್ನು ಕೊಡುವ ಕೋಶದಲ್ಲಿತ್ತು. ಅಂದಿನ ವಿದ್ಯುತ್ಕೋಶವು ಆಮ್ಲದಲ್ಲಿ ಸತುವನ್ನು ಕರಗಿಸಿ ವಿದ್ಯುತ್ತನ್ನು ಕೊಡುತ್ತಿತ್ತು. ಒಲೆಯಲ್ಲಿ ಸೌದೆ ಉರಿದಂತೆ ಅಲ್ಲಿ ಸತುವು ಉರಿಯುತ್ತಿತ್ತೆಂದರೆ ಸಲ್ಲುತ್ತದೆ. ಇಂಗ್ಲೆಂಡಿನ ಜೇಮ್ಸ್ ಜೂಲ್ ಎಂಬ ವಿಜ್ಞಾನಿಯು 1841ರ ಸುಮಾರಿನಲ್ಲಿ ಇದರ ಲೆಕ್ಕವನ್ನು ಹಾಕಿದನು. ಕಾರ್ನ್‌ವಾಲಿನ ಗಣಿಗಳ ಉತ್ತಮವಾದ ಉಗಿಯಂತ್ರವು ಒಂದು ಪೌಂಡು ಕಲ್ಲಿದ್ದಲಿನಿಂದ ಮಾಡುವ ಕೆಲಸದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಮಾತ್ರ ಒಂದು ಪೌಂಡು ಸತುವಿನಿಂದ ಪಡೆಯಬಹುದಾಗಿತ್ತು. ಸತುವಿನ ಬೆಲೆಯಾದರೋ ಕಲ್ಲಿದ್ದಲಿಗಿಂತ ಎಷ್ಟೋ ಪಾಲು ಹೆಚ್ಚು. ವಿದ್ಯುತ್ತಿನ ಮೋಟಾರು ಲಾಭದಾಯಕವಾದೀತೆಂಬ ಆಸೆಯನ್ನು ಜೂಲನು ಹೆಚ್ಚುಕಡಮೆ ಕೈಬಿಟ್ಟನು.

ಹೀಗೆ ಸೋತವನು ಡ್ಯಾವನ್‌ಪೋರ್ಟನೊಬ್ಬನೇ ಅಲ್ಲ. ರಷ್ಯಾದ ರಾಜಧಾನಿಯಲ್ಲಿ ಯಾಕೋಬಿ ಎಂಬಾತನು 1838ರಲ್ಲಿ ನೇವಾ ನದಿಯ ಮೇಲೆ ಮೋಟಾರಿನಿಂದ ದೋಣಿಯನ್ನು ನಡೆಸಿದನು. ಅದೂ ಪ್ರಯೋಗವಾಗಿಯೇ ಉಳಿಯಿತು. ವಾಷಿಂಗ್ಟನ್ನಿನಲ್ಲಿ ಚಾರ್ಲ್ಸ್ ಪೇಜ್ ಎಂಬ ಪೇಟೆಂಟು ಪರೀಕ್ಷಕನೇ ಸರ್ಕಾರದಿಂದ 20,000 ಡಾಲರು ಪಡೆದು, ವಿದ್ಯುತ್ತಿನ ರೈಲುಯಂತ್ರವನ್ನು ಕಟ್ಟಿ, 1851ನೆಯ ಏಪ್ರಿಲು 29ರಂದು ಓಡಿಸಿದನು. ಗಂಟೆಗೆ ಹತ್ತೊಂಬತ್ತು ಮೈಲಿಯ ವೇಗವೇನೋ ಬಂದಿತು. ಆದರೆ ದಾರಿಯುದ್ದಕ್ಕೂ ಕೋಶಗಳು ಬಿರಿದುಹೋದವು. ಆ ವೇಳೆಗೆ ಡ್ಯಾವನ್‌ಪೋರ್ಟನ ಹಕ್ಕು ಮುಗಿದು ಎರಡು ತಿಂಗಳಾಗಿತ್ತು. ಅಂದಿನ ಕಾನೂನಿನಂತೆ ಪೇಟೆಂಟಿನ ಅವಧಿಯು ಹದಿನಾಲ್ಕು ವರ್ಷ. 1851ನೆಯ ಫೆಬ್ರವರಿಯಲ್ಲಿ ಅದು ತೀರಿತು. ಅದೇ ವರ್ಷ ಜುಲೈ 6ರಂದು ಡ್ಯಾವನ್‌ಪೋರ್ಟನು ತನ್ನ ಸೀಮೆಯಲ್ಲಿಯೇ ಬಡವನಾಗಿ ತೀರಿಕೊಂಡನು. ಹಕ್ಕು ಅವನಿಗಿಂತ ನಾಲ್ಕು ತಿಂಗಳು ಮೊದಲೇ ಹೋಯಿತು.

ಇನ್ನು ಮುಂದಿನ ನಾಲ್ಕು ದಶಕಗಳ ಕಥೆಯನ್ನು ನಾವು ಸಂಕ್ಷೇಪವಾಗಿ ಹೇಳಬಹುದು. ಸತುವನ್ನು ಉರಿಸದೆ, ಉಗಿಯ ಅಥವಾ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸುವ ಡೈನಮೋ ಎಂಬ ಯಂತ್ರವು 1860ರ ಮತ್ತು 1870ರ ದಶಕಗಳಲ್ಲಿ ಸಿದ್ಧವಾಯಿತು. 1873ರ ವಿಯೆನ್ನಾ ಪ್ರದರ್ಶನದಲ್ಲಿ, ಒಂದು ಡೈನಮೋ ಕೊಟ್ಟ ವಿದ್ಯುತ್ತಿನಿಂದ ಇನ್ನೊಂದು ಡೈನಮೋ ಮೋಟಾರಾಗಿ ತಿರುಗುವುದನ್ನು ಜನರು ಕಂಡರು. 1882ರಲ್ಲಿ ನ್ಯೂಯಾರ್ಕು ನಗರದಲ್ಲಿ ಎಡಿಸನ್ನನ ವಿದ್ಯುತ್ಕೇಂದ್ರವು ಬೀದಿಗಳಿಗೆ ತಂತಿಯನ್ನೆಳೆಯಿತು. 1888ನೆಯ ಮೇ 1ರಂದು ನಿಕೋಲಾ ಟೆಸ್ಲಾನಿಗೆ ಪರ್ಯಾಯ ಪ್ರವಾಹದ ಮೋಟಾರಿನ ಪೇಟೆಂಟುಗಳು ದೊರೆತವು. ಇಟಲಿಯ ಗೆಲಿಲಿಯೋ ಫೆರಾರಿಸ್ ಎಂಬ ಆಚಾರ್ಯನೂ ಅದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಹಿಡಿದು, ಆ ವರ್ಷದ ಮಾರ್ಚಿಯಲ್ಲಿಯೇ ಟ್ಯೂರಿನ್ನಿನ ವಿದ್ವತ್ಸಭೆಯಲ್ಲಿ ಓದಿದ್ದನು. ಆದರೆ ಟೆಸ್ಲಾನ ಬಿನ್ನಹವು ಹಿಂದಿನ ವರ್ಷವೇ ಕಚೇರಿಯನ್ನು ಮುಟ್ಟಿತ್ತು. 1900ರಲ್ಲಿ ಅಮೆರಿಕಾದ ನ್ಯಾಯಾಲಯವು ಟೆಸ್ಲಾನ ಹಕ್ಕನ್ನು ಎತ್ತಿಹಿಡಿಯಿತು.

ಟೆಸ್ಲಾನ ಹಕ್ಕುಗಳನ್ನು ಕೊಂಡವರು ವೆಸ್ಟಿಂಗ್‌ಹೌಸ್ ಕಂಪೆನಿಯವರು. 1896ರಲ್ಲಿ ಅವರೂ ಪ್ರತಿಸ್ಪರ್ಧಿಯಾದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವರೂ ತಮ್ಮ ತಮ್ಮ ಪೇಟೆಂಟುಗಳನ್ನು ಪರಸ್ಪರ ಬಳಸುವ ಒಪ್ಪಂದವನ್ನು ಮಾಡಿಕೊಂಡರು. ಈ ಒಪ್ಪಂದದ ಎಳೆಯೊಂದು ನಮ್ಮ ನಾಡನ್ನೂ ಮುಟ್ಟುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ, ಅದಕ್ಕೆ ವಿದ್ಯುದ್ಯಂತ್ರಗಳನ್ನು ಒದಗಿಸಿದವರು ಈ ಜನರಲ್ ಎಲೆಕ್ಟ್ರಿಕ್ಕಿನವರೇ. ಡ್ಯಾವನ್‌ಪೋರ್ಟನ ಸೀಮೆಗೆ ಕಡೆಗೂ ನೀರು ಬಂದಿತ್ತು. ಸತುವಿನ ಒಲೆಗೆ ಬದಲಾಗಿ ನದಿಯೇ ಮೋಟಾರನ್ನು ಸಾಕತೊಡಗಿತ್ತು.

ಈಗ ಎರಡನೆಯ ಪೇಟೆಂಟಿಗೆ ಬರೋಣ. ಮೋಟಾರು ಕಾರ್ಖಾನೆಗೆ ಬಂದ ಮೇಲೆಯೂ ಕೆಲಸಗಾರನ ಕೈಗೆ ಬಂದಿರಲಿಲ್ಲ. ಕೊರೆಯಬೇಕಾದ ಲೋಹವನ್ನು ಯಂತ್ರದ ಬಳಿಗೆ ಒಯ್ಯಬೇಕಾಗಿತ್ತೇ ಹೊರತು ಯಂತ್ರವು ಲೋಹದ ಬಳಿಗೆ ಬರುತ್ತಿರಲಿಲ್ಲ. 1889ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಆರ್ಥರ್ ಆರ್ನಟ್ ಮತ್ತು ವಿಲಿಯಂ ಬ್ರೈನ್ ಎಂಬವರು ವಿದ್ಯುತ್ತಿನ ಬೈರಿಗೆಗೆ ಪೇಟೆಂಟನ್ನು ಪಡೆದರು; ಅದು ಬಂಡೆಯನ್ನೂ ಕಲ್ಲಿದ್ದಲನ್ನೂ ಕೊರೆಯುವುದಕ್ಕೆ ಉದ್ದೇಶಿಸಿದ್ದು. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಫೈನ್ ಎಂಬ ಮನೆತನದ ಕಾರ್ಖಾನೆಯು 1895ರಲ್ಲಿ ಕೈಯಲ್ಲಿ ಹಿಡಿಯಬಹುದಾದ ವಿದ್ಯುತ್ತಿನ ಬೈರಿಗೆಯನ್ನು ಮಾಡಿತು. ಇದು ದೊಡ್ಡ ಹೆಜ್ಜೆ. ಆದರೂ ಎರಡು ಕೈಗಳಿಂದ ಅವುಚಿ, ಎದೆಯ ಬಲದಿಂದ ಒತ್ತಬೇಕಾದ ಸಾಧನ ಅದು. ಕೊರೆಯುತ್ತಿರುವಾಗ ಹಿಡಿತವನ್ನು ಬಿಡದೆ ಪ್ರವಾಹವನ್ನು ನಿಲ್ಲಿಸುವುದು ಸುಲಭವಾಗಿರಲಿಲ್ಲ.

ಅಮೆರಿಕಾದ ಬಾಲ್ಟಿಮೋರ್ ನಗರದಲ್ಲಿ 1910ರಲ್ಲಿ ಡಂಕನ್ ಬ್ಲ್ಯಾಕ್ ಮತ್ತು ಅಲಾಂಜೊ ಡೆಕರ್ ಎಂಬ ಇಬ್ಬರು ಸ್ನೇಹಿತರು ತಲೆಗೆ 600 ಡಾಲರಿನಂತೆ ಹಣ ಹಾಕಿ ಒಂದು ಸಣ್ಣ ಯಂತ್ರಶಾಲೆಯನ್ನು ತೆರೆದರು. ಬ್ಲ್ಯಾಕನು ತನ್ನ ಪಾಲನ್ನು ಹೊಂದಿಸಲು ಮೋಟಾರುಗಾಡಿಯನ್ನೇ ಮಾರಿದನು. ಮೊದಮೊದಲು ಅವರು ತಯಾರಿಸಿದ್ದು ಇತರರು ಹೇಳಿ ಮಾಡಿಸಿದ ಯಂತ್ರಗಳನ್ನು: ಹಾಲಿನ ಸೀಸೆಗೆ ಮುಚ್ಚಳ ಮಾಡುವುದು, ಮಿಠಾಯಿಯನ್ನು ಪಾಕದಲ್ಲಿ ಅದ್ದುವುದು, ಇಂಥವು. ಪರರ ಯೋಚನೆಗಳಿಗೆ ರೂಪು ಕೊಟ್ಟು ಕೊಟ್ಟು ಬೇಸತ್ತೋ ಏನೋ, ತಮ್ಮದೇ ಆದ ಸರಕೊಂದನ್ನು ಅವರು ಯೋಚಿಸಿದರು. ಅದೇ ಬೈರಿಗೆ.

ಅವರು ಮೋಟಾರನ್ನು ಕಂಡುಹಿಡಿಯಲಿಲ್ಲ, ಬೈರಿಗೆಯನ್ನೂ ಕಂಡುಹಿಡಿಯಲಿಲ್ಲ. ನೇರಪ್ರವಾಹ, ಪರ್ಯಾಯ ಪ್ರವಾಹ ಎರಡರಿಂದಲೂ ನಡೆಯುವ ಮೋಟಾರೂ ಆಗಲೇ ಬಳಕೆಯಲ್ಲಿತ್ತು. ಅವರು ಯೋಚಿಸಿದ್ದು ಕೈಯ ವಿಷಯವನ್ನು. ಕೋಲ್ಟ್ ಪಿಸ್ತೂಲಿನ ಹಿಡಿಯು ಅವರಿಗೆ ದಾರಿ ತೋರಿಸಿತೆಂದು ಆ ಸಂಸ್ಥೆಯ ಪರಂಪರೆಯು ಹೇಳುತ್ತದೆ. ಬೈರಿಗೆಗೆ ಪಿಸ್ತೂಲಿನಂಥ ಹಿಡಿಯನ್ನಿಟ್ಟು, ಪಿಸ್ತೂಲಿನ ಕುದುರೆಯಿರುವ ಕಡೆಯಲ್ಲಿ ಸ್ವಿಚ್ಚನ್ನು ಇಟ್ಟರು. ಹಿಡಿದ ಕೈಯ ಬೆರಳೇ ಯಂತ್ರವನ್ನು ನಡೆಸುತ್ತದೆ, ನಿಲ್ಲಿಸುತ್ತದೆ. ಈ ಸಣ್ಣ ಮಾತಿಗೆ 1914ರಲ್ಲಿ ಬಿನ್ನಹ ಮಾಡಿಕೊಂಡು, 1917ನೆಯ ನವೆಂಬರು 6ರಂದು 12,45,860ನೆಯ ಸಂಖ್ಯೆಯ ಪೇಟೆಂಟನ್ನು ಪಡೆದರು. ಆ ಮೊದಲ ಬೈರಿಗೆಯು ಸುಮಾರು 21 ಪೌಂಡು ತೂಕದ್ದು, ಬೆಲೆ 230 ಡಾಲರು, ಗೃಹಸ್ಥನು ಕೊಳ್ಳುವಂಥದಲ್ಲ. ಆದರೂ ಮೋಟಾರುಗಾಡಿಗಳ ಕಾರ್ಖಾನೆಗಳೂ ದುರಸ್ತಿಯ ಅಂಗಡಿಗಳೂ ಬೆಳೆಯುತ್ತಿದ್ದ ಆ ಕಾಲದಲ್ಲಿ ಅದಕ್ಕೆ ಗಿರಾಕಿಗಳು ದೊರೆತರು. 1917ರಲ್ಲಿಯೇ ಅವರು ನಗರದ ಹೊರಗೆ ಟೌಸನ್ ಎಂಬಲ್ಲಿ ಕಾರ್ಖಾನೆಯನ್ನು ಕಟ್ಟಿದರು. 1919ರ ವೇಳೆಗೆ ವ್ಯಾಪಾರವು ಹತ್ತು ಲಕ್ಷ ಡಾಲರನ್ನು ಮುಟ್ಟಿತು. 1946ರಲ್ಲಿ ಮನೆಮಂದಿಗೆಂದೇ ಮಾಡಿದ ಸಣ್ಣ ಬೈರಿಗೆಯನ್ನು 17 ಡಾಲರಿಗಿಂತ ಕಡಮೆ ಬೆಲೆಗೆ ಮಾರಿದರು.

ಎರಡು ಹಕ್ಕುಪತ್ರಗಳನ್ನು ಈಗ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದರ ಎಲ್ಲೆಯು ಒಂದು ಯುಗದಷ್ಟು ವಿಶಾಲ. ಅದನ್ನು ಪಡೆದವನಿಗೆ ಬದುಕು ಸಾಗಲಿಲ್ಲ. ಇನ್ನೊಂದರ ಎಲ್ಲೆಯು ಒಂದು ಅಂಗೈಯಷ್ಟು ಇಕ್ಕಟ್ಟು. ಅದನ್ನು ಪಡೆದವರ ಸಂಸ್ಥೆಯು ಒಂದು ಶತಮಾನ ಕಾಲ ಬಾಳಿ, 2010ರಲ್ಲಿ ಮತ್ತೊಂದು ದೊಡ್ಡ ಸಂಸ್ಥೆಯೊಡನೆ ಕೂಡಿಕೊಂಡಿತು. ಇದರಿಂದ, ಕಮ್ಮಾರನು ವ್ಯವಹಾರವನ್ನರಿಯದವನು, ಬಾಲ್ಟಿಮೋರಿನವರು ಜಾಣರು ಎಂದು ತೀರ್ಮಾನಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಬ್ಲ್ಯಾಕನೂ ಡೆಕರನೂ ತಮ್ಮ ಬೈರಿಗೆಯ ತಂತಿಯನ್ನು ಗೋಡೆಗೆ ಸಿಕ್ಕಿಸಿದಾಗ, ಆ ಗೋಡೆಯ ಹಿಂದೆ ಡೈನಮೋ ಇತ್ತು, ವಿದ್ಯುತ್ಕೇಂದ್ರವಿತ್ತು, ಟೆಸ್ಲಾ ಮತ್ತು ಫೆರಾರಿಸರ ಶ್ರಮವಿತ್ತು. 1905ರಲ್ಲಿ ಅವಧಿ ಮುಗಿದು ಟೆಸ್ಲಾನ ಮೊದಲ ಹಕ್ಕುಗಳೂ ಎಲ್ಲರ ಸೊತ್ತಾಗಿದ್ದವು. ಡ್ಯಾವನ್‌ಪೋರ್ಟನ ಮೋಟಾರಿಗೆ ಸಿಕ್ಕಿಸಲು ಗೋಡೆಯೇ ಇರಲಿಲ್ಲ. ಕಾಲಕ್ಕಿಂತ ಮೊದಲು ಬಂದ ವಿಶಾಲವಾದ ಯೋಚನೆಯು ಹಸಿದುಕೊಂಡಿರುತ್ತದೆ. ಕಾಲಕ್ಕೆ ಸರಿಯಾಗಿ ಬಂದ ಸಣ್ಣ ಯೋಚನೆಯು ಊಟಕ್ಕೆ ಕುಳಿತುಕೊಳ್ಳುತ್ತದೆ. ಪೇಟೆಂಟು ಹೊಲಕ್ಕೆ ಬೇಲಿಯನ್ನು ಕಟ್ಟಬಲ್ಲದು, ಮಳೆಯನ್ನು ತರಲಾರದು.

ಇನ್ನೊಂದು ಮಾತನ್ನೂ ಹೇಳಬೇಕು. ಹಕ್ಕುಪತ್ರವು ಹೆಸರುಗಳನ್ನು ಉಳಿಸುತ್ತದೆ, ನಿಜ. ಆದರೆ ಎಲ್ಲ ಹೆಸರುಗಳನ್ನೂ ಅಲ್ಲ. 132ನೆಯ ಪೇಟೆಂಟಿನಲ್ಲಿರುವ ಹೆಸರು ಥಾಮಸ್ ಡ್ಯಾವನ್‌ಪೋರ್ಟನದೊಂದೇ. ಬಿಚ್ಚಿದ ತಂತಿಯ ಸುತ್ತುಗಳನ್ನು ಬರೆದಿಟ್ಟುಕೊಂಡ ಎಮಿಲಿಯ ಹೆಸರು ಅಲ್ಲಿಲ್ಲ. ಇತಿಹಾಸವನ್ನು ಬರೆಯುವವರು ಸರ್ಕಾರಿ ದಾಖಲೆಯನ್ನೇ ನೆಚ್ಚಿಕೊಂಡರೆ ಅರ್ಧದಷ್ಟು ಸತ್ಯವು ಹೊರಗೇ ಉಳಿದುಬಿಡುತ್ತದೆ. ಶಾಸನದ ಕಲ್ಲಿನಲ್ಲಿಯೂ ದಾನ ಕೊಟ್ಟವನ, ಪಡೆದವನ ಹೆಸರುಂಟು. ಹೊಲವನ್ನು ಉತ್ತವನ ಹೆಸರನ್ನು ನಾವು ಬೇರೆ ಕಡೆ ಹುಡುಕಬೇಕಾಗುತ್ತದೆ.

ಬ್ಲ್ಯಾಕ್ ಮತ್ತು ಡೆಕರರ ಪೇಟೆಂಟಿಗೆ ಹದಿನೇಳು ವರ್ಷಗಳ ಅವಧಿಯಿತ್ತು. 1934ರಲ್ಲಿ ಅದೂ ತೀರಿತು. ಅಂದಿನಿಂದ ಆ ಹಿಡಿಯ ಮೇಲೆ ಯಾರ ಅಧಿಕಾರವೂ ಇಲ್ಲ. ಈಗ ನಮ್ಮ ಊರಿನ ಬಡಗಿಯೋ ವಿದ್ಯುತ್ತಿನ ಕೆಲಸದವನೋ ಗೋಡೆಯಲ್ಲಿ ರಂಧ್ರ ಕೊರೆಯಲು ಕೈಗೆತ್ತಿಕೊಳ್ಳುವ ಬೈರಿಗೆಯು ಯಾವ ದೇಶದ ಯಾವ ಕಂಪೆನಿಯದಾದರೂ ಸರಿ, ಅದರ ಹಿಡಿಯು ಸಾಮಾನ್ಯವಾಗಿ ಆ ಪಿಸ್ತೂಲಿನ ಆಕಾರದ್ದೇ. ಆ ಎರಡು ಬೇಲಿಗಳೂ ಬಿದ್ದಿವೆ. ಅವು ಕಾಯ್ದಿದ್ದ ಬೆಳೆಯು ಎಲ್ಲರ ಕೈಗೂ ಸೇರಿದೆ. ಸರ್ಕಾರವೂ ಶಿಲ್ಪಿಯೂ ಮಾಡಿಕೊಂಡ ಕರಾರಿನಲ್ಲಿ ಕೊನೆಗೆ ನಷ್ಟವಾಗದೆ ಉಳಿದ ಕಕ್ಷಿಯೆಂದರೆ ಸಾಮಾನ್ಯ ಜನರೇ. ಅವರು ಕೊಟ್ಟದ್ದು ಹದಿನಾಲ್ಕು ಅಥವಾ ಹದಿನೇಳು ವರ್ಷಗಳ ತಾಳ್ಮೆ. ಪಡೆದದ್ದು ಎಂದೆಂದಿಗೂ ಉಳಿಯುವ ವಿದ್ಯೆ. ಆ ಸಾಲದಲ್ಲಿ ಒಂದಂಶವು ವರ್ಮಾಂಟಿನ ಕುಲುಮೆಯೊಂದಕ್ಕೆ ಸಲ್ಲಬೇಕಾದುದೆಂಬುದನ್ನು ನೆನೆಯುವುದು ಅದನ್ನು ಅನುಭವಿಸುತ್ತಿರುವ ನಮಗೆಲ್ಲರಿಗೂ ಉಚಿತವಾದುದು.